ಎಲ್ಲರೂ ಪ್ರೋಟೀನ್ ಕೇಳುತ್ತಾರೆ, ಬಿ12 ಯಾರೂ ಕೇಳುವುದಿಲ್ಲ

2016ರಲ್ಲಿ ಎರಡು ದೊಡ್ಡ ಸಂಸ್ಥೆಗಳು ವೀಗನ್ ಆಹಾರದ, ಅಂದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟದ ಬಗ್ಗೆ ತದ್ವಿರುದ್ಧ ಮಾತು ಹೇಳಿದ್ದವು. ಸರಿಯಾಗಿ ಯೋಚಿಸಿ ಊಟ ಹೊಂದಿಸಿಕೊಂಡರೆ ಕೂಸಿನಿಂದ ಮುದುಕರವರೆಗೆ, ಗರ್ಭಿಣಿ ಬಾಣಂತಿಯರೂ ಸೇರಿ, ಎಲ್ಲರಿಗೂ ಇದು ಆಗುತ್ತದೆ ಎಂದು ಅಮೆರಿಕದ ಅಕಾಡೆಮಿ ಆಫ್ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಹೇಳಿತು. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ ಎಂದು ಜರ್ಮನಿಯ ಪೋಷಣಾ ಸಂಘ ಡಿಜಿಇ ಹೇಳಿತು.

ಈಗ ಇಬ್ಬರೂ ಮಾತು ತಿದ್ದಿಕೊಂಡಿದ್ದಾರೆ. 2024ರಲ್ಲಿ ಡಿಜಿಇ ಸ್ವಲ್ಪ ಮೆತ್ತಗಾಯಿತು. ಆರೋಗ್ಯವಂತ ವಯಸ್ಕರಿಗೆ ವೀಗನ್ ಊಟವೂ ಒಳ್ಳೆಯದು ಮಾಡಬಲ್ಲದು, ಆದರೆ ಬಿ12 ಎಂಬ ವಿಟಮಿನ್ನಿನ ಮಾತ್ರೆ ತೆಗೆದುಕೊಳ್ಳಬೇಕು, ಊಟವನ್ನು ಯೋಚಿಸಿ ಆರಿಸಿಕೊಳ್ಳಬೇಕು ಎಂದಿತು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರ ವಿಷಯದಲ್ಲಿ ಮಾತ್ರ ಬೇಕು ಎನ್ನಲೂ ಬೇಡ ಎನ್ನಲೂ ಸಾಕಷ್ಟು ಮಾಹಿತಿ ಇಲ್ಲ ಎಂದು ಕೈ ತೊಳೆದುಕೊಂಡಿತು. 2025ರಲ್ಲಿ ಅಮೆರಿಕದ ಅಕಾಡೆಮಿಯ ಹೊಸ ಹೇಳಿಕೆ ಬಂತು. ಅದು ವಯಸ್ಕರ ಬಗ್ಗೆ ಮಾತ್ರ. ಗರ್ಭಿಣಿ ಬಾಣಂತಿಯರೂ ಮಕ್ಕಳೂ ಅದರ ವ್ಯಾಪ್ತಿಯಲ್ಲಿಲ್ಲ.

ಇದನ್ನು ಹಿಡಿದುಕೊಂಡು "ನೋಡಿ, ಅಮೆರಿಕದವರು ಹಿಂದೆ ಸರಿದರು" ಎನ್ನುವವರಿದ್ದಾರೆ. "ನೋಡಿ, ಜರ್ಮನಿಯವರು ಒಪ್ಪಿಕೊಂಡರು" ಎನ್ನುವವರೂ ಇದ್ದಾರೆ. ಎರಡೂ ಅರ್ಧ ಓದು. ಅಮೆರಿಕದವರು ಮಕ್ಕಳಿಗೆ ಅಪಾಯ ಎಂದು ಹೇಳಿಲ್ಲ, ಆ ವಿಷಯವನ್ನು ಈ ಹೇಳಿಕೆಯಲ್ಲಿ ಎತ್ತಿಕೊಂಡಿಲ್ಲ ಅಷ್ಟೆ. ಜರ್ಮನಿಯವರು ಷರತ್ತಿಲ್ಲದೆ ಒಪ್ಪಿಲ್ಲ. ದೂರ ನಿಂತಿದ್ದ ಇಬ್ಬರೂ ಹತ್ತಿರ ಹತ್ತಿರ ಒಂದೇ ಜಾಗಕ್ಕೆ ಬಂದಿದ್ದಾರೆ ಎನ್ನುವುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು. ವಯಸ್ಕರಾದರೆ ಆಗಬಹುದು, ಆದರೆ ಸುಮ್ನೆ ಮಾಂಸ, ಮೊಟ್ಟೆ, ಹಾಲು ಬಿಟ್ಟರೆ ಸಾಲದು. ಬಿಟ್ಟ ಜಾಗದಲ್ಲಿ ಏನು ಬಂತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಆ ಲೆಕ್ಕದಲ್ಲಿ ಜನ ಚಿಂತೆ ಮಾಡುವುದೇ ಒಂದು, ಕೈಕೊಡುವುದೇ ಇನ್ನೊಂದು.

ಪ್ರೋಟೀನ್ ಪ್ರಶ್ನೆ

ವೀಗನ್ ಆದೆ ಅಂದ ತಕ್ಷಣ ಎದುರಾಗುವ ಮೊದಲ ಪ್ರಶ್ನೆ, "ಹಾಗಾದರೆ ಪ್ರೋಟೀನ್ ಎಲ್ಲಿಂದ?" ಕೇಳುವವರು ಕಾಳಜಿಯಿಂದಲೇ ಕೇಳುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಇದು ಅಂಥ ಕಷ್ಟದ ಪ್ರಶ್ನೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಆಯಿತು. ಗಿಡದಿಂದ ಬರುವ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುತ್ತದೆ, ಹಾಗಾಗಿ 60 ಗ್ರಾಂ ಎಂದೇ ಇಟ್ಟುಕೊಳ್ಳೋಣ. 100 ಗ್ರಾಂ ಒಣ ಬೇಳೆಕಾಳಿನಲ್ಲಿ 20ರಿಂದ 25 ಗ್ರಾಂ, ಒಣ ಸೋಯಾದಲ್ಲಿ ಸುಮಾರು 36 ಗ್ರಾಂ, ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇರುತ್ತದೆ. ಗೋಧಿಯಲ್ಲೂ 100ಕ್ಕೆ 12 ಗ್ರಾಂನಷ್ಟು ಸಿಗುತ್ತದೆ. ದಿನಕ್ಕೆ ಎರಡು ಸಲ ಕಾಳು ಅಥವಾ ಸೋಯಾ ತಿಂದು, ಉಳಿದದ್ದನ್ನು ಧಾನ್ಯ, ಬೀಜಗಳಿಂದ ತುಂಬಿಸಿಕೊಂಡರೆ ಲೆಕ್ಕ ಮುಗಿಯಿತು.

ಇಲ್ಲಿ ಒಂದು ಹಳೆಯ ಹೆದರಿಕೆ ಇನ್ನೂ ಹೋಗಿಲ್ಲ. ಗಿಡದ ಪ್ರೋಟೀನ್ "ಅಪೂರ್ಣ", ಹಾಗಾಗಿ ಪ್ರತಿ ಊಟದಲ್ಲೂ ಧಾನ್ಯ ಮತ್ತು ಕಾಳನ್ನು ಇಂತಿಷ್ಟು ಎಂದು ಬೆರೆಸಲೇಬೇಕು ಎನ್ನುವುದು. ಪ್ರೋಟೀನಿನ ಇಟ್ಟಿಗೆಗಳಂಥ ಅಮೈನೊ ಆಮ್ಲಗಳಲ್ಲಿ ಲೈಸಿನ್ ಎಂಬುದು ಧಾನ್ಯದಲ್ಲಿ ಕಡಿಮೆ, ಮೆಥಿಯೊನಿನ್ ಎಂಬುದು ಕಾಳಿನಲ್ಲಿ ಕಡಿಮೆ ಎನ್ನುವುದು ನಿಜವೇ. ಆದರೆ ಅಮೈನೊ ಆಮ್ಲಗಳ ಸಣ್ಣದೊಂದು ಸಂಗ್ರಹ ದೇಹದಲ್ಲಿ ಯಾವಾಗಲೂ ಇರುತ್ತದೆ. ದಿನದ ಒಟ್ಟು ಊಟದಲ್ಲಿ ಎರಡೂ ಬಂದರೆ ಸಾಕು, ಒಂದೇ ತಟ್ಟೆಯಲ್ಲಿ ಬರಬೇಕೆಂದಿಲ್ಲ. ತೊಂದರೆ ಆಗುವುದು ಕಾಳನ್ನೇ ಮುಟ್ಟದೆ ಬ್ರೆಡ್, ಪಾಸ್ತಾ, ಅನ್ನ, ಹಣ್ಣಿನ ಮೇಲೆ ಬದುಕುವ ವೀಗನ್ನರಿಗೆ. ಅವರಿಗೆ ಲೈಸಿನ್ ನಿಜಕ್ಕೂ ಕಡಿಮೆ ಬೀಳಬಹುದು. ವಯಸ್ಸಾದವರು ಕೂಡ ಇಲ್ಲಿ ಕೊಂಚ ಎಚ್ಚರ ವಹಿಸಬೇಕು. ಸ್ನಾಯು ಕರಗದಿರಲು ಅವರಿಗೆ ಪ್ರೋಟೀನ್ ಜಾಸ್ತಿಯೇ ಬೇಕು, ಹಸಿವೆ ಮಾತ್ರ ಕಡಿಮೆ.

ಇಷ್ಟು ಹೇಳಿದ ಮೇಲೆ ಪ್ರೋಟೀನ್ ವಿಷಯ ಬಿಡಬಹುದು. ಇದರ ಬಗ್ಗೆ ಇಷ್ಟೊಂದು ಗದ್ದಲ ಆಗುವುದರಿಂದಲೇ ಕೇಳಬೇಕಾದ ಪ್ರಶ್ನೆ ಮರೆಯಾಗುತ್ತದೆ ಎನ್ನುವುದು ನನ್ನ ಅಸಮಾಧಾನ.

ಬಿ12: ಇಲ್ಲಿ ರಿಯಾಯಿತಿ ಇಲ್ಲ

ಬ್ರಿಟನ್ನಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದ್ದು 1944ರಲ್ಲಿ. ಬಿ12 ಎಂಬ ವಿಟಮಿನ್ ಅನ್ನು ವಿಜ್ಞಾನಿಗಳು ಬೇರ್ಪಡಿಸಿ ಕಂಡುಕೊಂಡದ್ದು 1948ರಲ್ಲಿ. ಅಂದರೆ ಮೊದಮೊದಲ ವೀಗನ್ನರಿಗೆ ತಮ್ಮ ಊಟದಲ್ಲಿ ಏನು ಇಲ್ಲ ಎಂದು ತಿಳಿಯುವ ದಾರಿಯೇ ಇರಲಿಲ್ಲ. 1950ರ ದಶಕದಲ್ಲಿ ಬ್ರಿಟನ್ನಿನ ವೀಗನ್ನರಲ್ಲಿ ಕೊರತೆ ಕಂಡುಬಂದಿರುವ ವರದಿಗಳು ಬಂದವು. ಇವತ್ತಿನವರಿಗೆ ಆ ನೆಪವಿಲ್ಲ.

ಬಿ12 ಅನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾ ಮತ್ತು ಅದಕ್ಕೆ ಹತ್ತಿರದ ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇರುತ್ತವೆ. ಮೇವಿನಲ್ಲಿ ಕೋಬಾಲ್ಟ್ ಇದ್ದರೆ ಅವು ಬಿ12 ತಯಾರಿಸುತ್ತವೆ, ಅದು ಹಾಲಿಗೂ ಮಾಂಸಕ್ಕೂ ಬರುತ್ತದೆ. ಮನುಷ್ಯರ ದೊಡ್ಡ ಕರುಳಿನಲ್ಲೂ ಇಂಥ ಬ್ಯಾಕ್ಟೀರಿಯಾ ಇವೆ. ಆದರೆ ನಾವು ಬಿ12 ಹೀರಿಕೊಳ್ಳುವುದು ಅದಕ್ಕೂ ಮೊದಲು ಬರುವ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ದೊಡ್ಡ ಕರುಳಿನಲ್ಲಿ ತಯಾರಾದದ್ದು ನಮಗೆ ದಕ್ಕುವುದಿಲ್ಲ.

ಬೇಕಾಗುವ ಪ್ರಮಾಣ ತೀರಾ ಸಣ್ಣದು. ಅಮೆರಿಕದ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 2.4 ಮೈಕ್ರೊಗ್ರಾಂ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕದಲ್ಲಿ 4. ಆದರೆ ಅದಿಲ್ಲದಿದ್ದರೆ ರಕ್ತವೂ ಕೆಡುತ್ತದೆ, ನರವೂ ಕೆಡುತ್ತದೆ. ಸುಸ್ತು, ಕೈಕಾಲು ಜುಮ್ಮೆನ್ನುವುದು, ನಡೆಯುವಾಗ ಸಮತೋಲನ ತಪ್ಪುವುದು, ಮರೆವು, ಮನಸ್ಸು ಕುಗ್ಗುವುದು. ತಡ ಮಾಡಿದರೆ ನರದ ಹಾನಿ ಪೂರ್ತಿ ವಾಸಿಯಾಗದೆ ಉಳಿದುಬಿಡಬಹುದು.

ಇದರಲ್ಲಿ ಮೋಸ ಹೋಗುವುದು ಸುಲಭ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುತ್ತದೆ. ಹೊಸದಾಗಿ ವೀಗನ್ ಆದವರಿಗೆ ಅದು ಕೆಲವು ವರ್ಷ ಕೂಡ ಬರಬಹುದು. ಮೊದಲ ವರ್ಷ ಮೈ ಹಗುರ, ರಕ್ತ ಪರೀಕ್ಷೆಯೂ ಸರಿ. "ನಾನು ಯಾವ ಮಾತ್ರೆಯನ್ನೂ ತಗೊಳ್ಳಲ್ಲ, ನೋಡಿ ಹೇಗಿದ್ದೇನೆ" ಎಂಬ ಮಾತು ಬರುವುದು ಆಗಲೇ. ಅವರು ಸುಳ್ಳು ಹೇಳುತ್ತಿಲ್ಲ. ಹಳೆಯ ದಾಸ್ತಾನಿನಲ್ಲಿ ನಡೆಯುತ್ತಿದೆ, ಅಷ್ಟೆ. ಸೊಪ್ಪು, ಕಾಳು ಜಾಸ್ತಿ ತಿನ್ನುವವರ ಊಟದಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ತುಂಬಿರುತ್ತದೆ, ಅದು ಇನ್ನೊಂದು ತೊಡಕು. ಫೋಲೇಟ್ ಚೆನ್ನಾಗಿದ್ದರೆ ರಕ್ತಹೀನತೆ ಎದ್ದು ಕಾಣದೇ ಹೋಗಬಹುದು. ರಕ್ತ ಸರಿಯಿದೆ ಎಂದು ನೆಮ್ಮದಿಯಾಗಿರುವಾಗ ಒಳಗೆ ನರ ಸವೆಯುತ್ತಿರುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಗಂಡಸರ ರಕ್ತ ಪರೀಕ್ಷೆ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ವೀಗನ್ ಗಂಡಸರಲ್ಲಿ ಶೇ 52 ಮಂದಿಗೆ ಬಿ12 ಕೊರತೆ ಇತ್ತು. ಹಾಲು ಮೊಟ್ಟೆ ತಿನ್ನುವ ಸಸ್ಯಾಹಾರಿಗಳಲ್ಲಿ ಶೇ 7. ಮಾಂಸ ತಿನ್ನುವವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಹಾಗಾದರೆ ಎಷ್ಟು ತೆಗೆದುಕೊಳ್ಳಬೇಕು? ವೀಗನ್ ಸೊಸೈಟಿಯೇ ಮೂರು ದಾರಿ ಹೇಳುತ್ತದೆ. ಬಿ12 ಬೆರೆಸಿದ ಆಹಾರವನ್ನು ದಿನಕ್ಕೆ ಎರಡು ಮೂರು ಸಲ ತಿಂದು ಒಟ್ಟು 3 ಮೈಕ್ರೊಗ್ರಾಂ ಆಗುವಂತೆ ನೋಡಿಕೊಳ್ಳುವುದು. ಅದಾಗದಿದ್ದರೆ ದಿನಕ್ಕೊಂದು 10 ಮೈಕ್ರೊಗ್ರಾಂ ಮಾತ್ರೆ. ಅದೂ ನೆನಪಿರುವುದಿಲ್ಲ ಎಂದರೆ ವಾರಕ್ಕೆ 2000. ಈ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎನಿಸುತ್ತದೆ ಅಲ್ವಾ? ಅದಕ್ಕೆ ಕಾರಣ ಇದೆ. ಹೊಟ್ಟೆಯಲ್ಲಿ ಊರುವ ಒಂದು ಪ್ರೋಟೀನ್ ಬಿ12 ಅನ್ನು ಹಿಡಿದು ಕರುಳಿಗೆ ದಾಟಿಸುತ್ತದೆ. ಒಂದು ಸಲಕ್ಕೆ ಅದು ಹಿಡಿಯುವುದೇ ಒಂದೂವರೆ ಎರಡು ಮೈಕ್ರೊಗ್ರಾಂ. ಅದರಾಚೆ ಎಷ್ಟೇ ತಿಂದರೂ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ತಾನಾಗಿ ಸೋರಿ ಒಳಗೆ ಹೋಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ತಿಂದರೆ ಸ್ವಲ್ಪವೇ ಸಾಕು, ಅಪರೂಪಕ್ಕೆ ತಿಂದರೆ ತುಂಬಾ ಬೇಕು.

ಸ್ಪಿರುಲಿನಾ ಎಂಬ ಪಾಚಿಪುಡಿ ತಿಂದರೆ ಆಯಿತು ಎನ್ನುವುದನ್ನು ನಂಬಬೇಡಿ. ಅದರಲ್ಲಿರುವುದು ಬಹುಪಾಲು ಬಿ12 ಹಾಗೆ ಕಾಣುವ, ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ವಸ್ತು. ಹುದುಗಿಸಿದ ಆಹಾರ, ತೊಳೆಯದ ತರಕಾರಿ ಇವನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ.

ಮಾತ್ರೆ ನುಂಗಬೇಕಾದ ಊಟ ಪ್ರಕೃತಿಗೆ ವಿರುದ್ಧ ಎನ್ನುವ ವಾದ ಎರಡೂ ಕಡೆಯಿಂದ ಬರುತ್ತದೆ. ವೀಗನ್ ವಿರೋಧಿಗಳು ಇದನ್ನು ಆಯುಧ ಮಾಡಿಕೊಳ್ಳುತ್ತಾರೆ. ಕೆಲವು ವೀಗನ್ನರು ಇದೇ ಮಾತಿಗೆ ಅಂಜಿ ಮಾತ್ರೆ ಬಿಡುತ್ತಾರೆ. ನನಗೆ ಇದು ಟೊಳ್ಳು ವಾದ ಎನಿಸುತ್ತದೆ. ಸಾಕಣೆಯ ಹಂದಿ ಕೋಳಿಗಳ ಮೇವಿಗೆ ಬಿ12 ಬೆರೆಸುವುದು ಮಾಮೂಲು. ಕೋಬಾಲ್ಟ್ ಇಲ್ಲದ ಮಣ್ಣಿನ ಕಡೆ ಕುರಿ, ದನಗಳಿಗೆ ಕೋಬಾಲ್ಟ್ ಕೊಡಲೇಬೇಕಾಗುತ್ತದೆ. ಪೂರಕವನ್ನು ಪ್ರಾಣಿ ತಿಂದು ನಾವು ಪ್ರಾಣಿಯನ್ನು ತಿಂದರೆ ಸಹಜ, ನಾವೇ ನೇರವಾಗಿ ತಿಂದರೆ ಅಸಹಜ ಎನ್ನುವುದು ಹೇಗೆ? ಅಲ್ಲದೆ 50 ದಾಟಿದವರಲ್ಲಿ ಹಲವರಿಗೆ ಆಹಾರದಲ್ಲಿನ ಬಿ12 ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ, ಅಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೆ ಕೂಡ ಇದೇ ಕಥೆ. ಅವರು ಮಾಂಸ ತಿನ್ನುವವರಾದರೂ ಬಿ12 ಮೇಲೆ ಕಣ್ಣಿಡಬೇಕು.

ಮೂಳೆಯ ಮಾತು

ಬಿ12 ಆದ ಮೇಲೆ ನಾನು ಎರಡನೆಯದಾಗಿ ಚಿಂತಿಸುವುದು ಮೂಳೆಯ ಬಗ್ಗೆ. ಇದನ್ನೂ ಯಾರೂ ಕೇಳುವುದಿಲ್ಲ.

ಅದೇ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ ಸುಮಾರು 55,000 ಜನರನ್ನು 17 ವರ್ಷಕ್ಕೂ ಜಾಸ್ತಿ ಕಾಲ ಹಿಂಬಾಲಿಸಿತು. 2020ರಲ್ಲಿ ಬಂದ ಫಲಿತಾಂಶ ವೀಗನ್ನರಿಗೆ ಇಷ್ಟವಾಗುವಂಥದ್ದಲ್ಲ. ಮಾಂಸ ತಿನ್ನುವವರಿಗೆ ಹೋಲಿಸಿದರೆ ವೀಗನ್ನರಲ್ಲಿ ಮೂಳೆ ಮುರಿತ ಒಟ್ಟಾರೆ ಶೇ 43ರಷ್ಟು ಜಾಸ್ತಿ. ಸೊಂಟದ ಮೂಳೆ ಮುರಿತವಂತೂ ಎರಡು ಪಟ್ಟಿಗೂ ಹೆಚ್ಚು. ವೀಗನ್ನರ ತೂಕ ಕಡಿಮೆ ಇರುತ್ತದೆ, ಬಿದ್ದಾಗ ಪೆಟ್ಟು ತಡೆಯುವ ಮಾಂಸಖಂಡ, ಕೊಬ್ಬು ಕಡಿಮೆ. ಕ್ಯಾಲ್ಸಿಯಂ, ಪ್ರೋಟೀನ್ ಕೂಡ ಕಡಿಮೆ ತಿನ್ನುತ್ತಿದ್ದರು. ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ವ್ಯತ್ಯಾಸ ಕುಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಈ ಜನ ಅಧ್ಯಯನಕ್ಕೆ ಸೇರಿದ್ದು 1990ರ ದಶಕದಲ್ಲಿ. ಆಗ ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಈಗಿನಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ ಎನ್ನುವುದನ್ನೂ ಮರೆಯಬಾರದು. ಆದರೂ ಇದನ್ನು ತಳ್ಳಿಹಾಕುವಂತಿಲ್ಲ.

ಕ್ಯಾಲ್ಸಿಯಂ ವಿಷಯದಲ್ಲಿ ಜನ ದಾರಿ ತಪ್ಪುವುದು ಪಾಲಕ್ ಸೊಪ್ಪಿನ ಹತ್ತಿರ. ಅದರಲ್ಲಿ ಕ್ಯಾಲ್ಸಿಯಂ ಇದೆ, ನಿಜ. ಜೊತೆಗೆ ಆಕ್ಸಲೇಟ್ ಕೂಡ ಇದೆ. ಅದು ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡುವುದೇ ಇಲ್ಲ. ಹಾಗಾಗಿ ಪಾಲಕ್‌ನ ಕ್ಯಾಲ್ಸಿಯಂನಲ್ಲಿ ನಮಗೆ ಸಿಗುವುದು ಶೇ 5ರಷ್ಟು. ಹಾಲಿನಲ್ಲಿ ಶೇ 30ರ ಹತ್ತಿರ. ಕೇಲ್, ಬಾಕ್ ಚಾಯ್, ಬ್ರಾಕೊಲಿಯಂಥ ಆಕ್ಸಲೇಟ್ ಕಡಿಮೆ ಇರುವವುಗಳಲ್ಲಿ ಅದಕ್ಕಿಂತಲೂ ಜಾಸ್ತಿ. ಕ್ಯಾಲ್ಸಿಯಂ ಲವಣ ಹಾಕಿ ಹೆಪ್ಪುಗಟ್ಟಿಸಿದ ಟೋಫು ಒಳ್ಳೆಯ ಮೂಲ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ನೋಡಿ ಕೊಳ್ಳಬೇಕು.

ಗಿಡದ ಹಾಲುಗಳೆಲ್ಲ ಒಂದೇ ಅಲ್ಲ. ಸೋಯಾ ಹಾಲಿನಲ್ಲಿ ಪ್ರೋಟೀನ್ ದನದ ಹಾಲಿಗೆ ಹತ್ತಿರ ಇದೆ. ಬಾದಾಮಿ ಹಾಲಿನಲ್ಲಿ ಒಂದು ಲೋಟಕ್ಕೆ ಸುಮಾರು ಒಂದು ಗ್ರಾಂ. ಮನೆಯಲ್ಲೇ ಬಾದಾಮಿ ರುಬ್ಬಿ ಸೋಸಿದ ಹಾಲು ರುಚಿಯಾಗಿರಬಹುದು, ಕ್ಯಾಲ್ಸಿಯಂ ಮಾತ್ರ ಅದರಲ್ಲಿ ಬಿಡಿಗಾಸಿನಷ್ಟು. ಅಂಗಡಿಯ ಹಾಲಿನಲ್ಲಿ ಬೆರೆಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಕುಡಿದರೆ ಬಹಳಷ್ಟು ತಳದಲ್ಲೇ ಉಳಿಯಬಹುದು.

ವಿಟಮಿನ್ ಡಿ ಎಲ್ಲರ ಸಮಸ್ಯೆ, ವೀಗನ್ನರದ್ದು ಮಾತ್ರವಲ್ಲ. ವ್ಯತ್ಯಾಸ ಇಷ್ಟೆ: ಸಾಮಾನ್ಯವಾಗಿ ಸಿಗುವ ಡಿ3 ತಯಾರಾಗುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ಬೇಡ ಎನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಸಿಗುತ್ತದೆ. ಇದರ ಜೊತೆಗೆ ಮೂಳೆಗೆ ಬೇಕಾದದ್ದು ಭಾರ ಎತ್ತುವ ವ್ಯಾಯಾಮ. ವೀಗನ್ ಆಗಿ ಸಣ್ಣಗಾದೆ ಎಂದು ಖುಷಿಪಡುವವರು ಕರಗಿದ್ದು ಕೊಬ್ಬು ಮಾತ್ರವೇ ಎಂದು ಒಮ್ಮೆ ಯೋಚಿಸಬೇಕು.

ಕಬ್ಬಿಣ, ಅಯೊಡಿನ್, ಒಮೆಗಾ-3

ಇವನ್ನು ಬೇಗ ಮುಗಿಸೋಣ. ಗಿಡದ ಕಬ್ಬಿಣವನ್ನು ದೇಹ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಹೀರಿಕೊಳ್ಳುವುದಿಲ್ಲ. ಊಟದ ಜೊತೆ ನಿಂಬೆರಸ, ಟೊಮೆಟೊ, ಕಿತ್ತಳೆಯಂಥ ವಿಟಮಿನ್ ಸಿ ಇದ್ದರೆ ಹೀರುವುದು ಹೆಚ್ಚುತ್ತದೆ. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆ ತಡೆದು ಕುಡಿದರೆ ಆಯಿತು. ಕಾಳು ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಇವೆಲ್ಲ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತುವನ್ನು ತಗ್ಗಿಸಿ ಕಬ್ಬಿಣಕ್ಕೂ ಸತುವಿಗೂ ದಾರಿ ಮಾಡಿಕೊಡುತ್ತವೆ. ಮುಟ್ಟಾಗುವ ಹೆಂಗಸರು ಇದರಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಹಾಗಂತ ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗುವುದು ಬೇಡ. ದೇಹಕ್ಕೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಇಲ್ಲ.

ಅಯೊಡಿನ್‌ಗೆ ಅಯೊಡಿನ್ ಬೆರೆಸಿದ ಮಾಮೂಲಿ ಉಪ್ಪು ಸಾಕು. ಚಂದ ಕಾಣುತ್ತದೆ ಎಂದು ಗುಲಾಬಿ ಉಪ್ಪಿಗೋ ಸಮುದ್ರದ ಹರಳುಪ್ಪಿಗೋ ಬದಲಾಯಿಸಿದವರಿಗೆ ಅದು ತಪ್ಪಿಹೋಗುತ್ತದೆ. ಕೆಲ್ಪ್ ಎಂಬ ಸಮುದ್ರಪಾಚಿಯಲ್ಲಿ ಅದು ಮಿತಿಮೀರಿ ಇರಬಹುದು, ಅದೂ ಥೈರಾಯ್ಡ್‌ಗೆ ಒಳ್ಳೆಯದಲ್ಲ.

ಅಗಸೆ, ಚಿಯಾ, ವಾಲ್‌ನಟ್‌ಗಳಲ್ಲಿರುವ ಒಮೆಗಾ-3 ಮೀನಿನಲ್ಲಿರುವ ಬಗೆಯದ್ದಲ್ಲ. ದೇಹ ಅದನ್ನು ಬದಲಾಯಿಸಿಕೊಳ್ಳುತ್ತದೆ, ಆದರೆ ತೀರಾ ಕಡಿಮೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ. ಆ ಪಾಚಿಯ ಎಣ್ಣೆ ನೇರವಾಗಿ ಸಿಗುತ್ತದೆ. ಗರ್ಭಿಣಿ ಬಾಣಂತಿಯರಿಗೆ ಇದು ಮುಖ್ಯ. ಉಳಿದವರಿಗೆ ದಿನಕ್ಕೊಂದು ಚಮಚ ಪುಡಿ ಮಾಡಿದ ಅಗಸೆ ಒಳ್ಳೆಯ ಅಭ್ಯಾಸ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೆಯೇ ಹೊರಬರುತ್ತದೆ.

ಬಿಸ್ಕತ್ತೂ ವೀಗನ್, ಸೋಡಾನೂ ವೀಗನ್

ಒಳ್ಳೆಯ ಸುದ್ದಿಯನ್ನೂ ಹೇಳಬೇಕು, ಅದು ದೊಡ್ಡದೇ ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು 22 ಜೋಡಿ ಅವಳಿಗಳನ್ನು ಹಿಡಿದು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನೋಡಲು ಒಂದೇ ತರಹ, ಜೀನ್‌ಗಳೂ ಒಂದೇ. ಒಬ್ಬರಿಗೆ ವೀಗನ್ ಊಟ, ಇನ್ನೊಬ್ಬರಿಗೆ ಆರೋಗ್ಯಕರವಾದ ಮಾಂಸಾಹಾರ. ಎಂಟು ವಾರದಲ್ಲಿ ವೀಗನ್ ಕಡೆಯವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಚೆನ್ನಾಗಿ ಇಳಿಯಿತು. ತೂಕವೂ ಇಳಿಯಿತು. ಹೃದಯದ ಮಟ್ಟಿಗೆ ವೀಗನ್ ಊಟದ ಪರವಾದ ಸಾಕ್ಷಿ ಬಲವಾಗಿಯೇ ಇದೆ. ಇದೇ ಪ್ರಯೋಗದಲ್ಲಿ ವೀಗನ್ನರು ತಿಂದ ಬಿ12 ಕಡಿಮೆ ಇತ್ತು, ರಕ್ತದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಎಂಟು ವಾರದಲ್ಲಿ ಕಾಣುವುದೂ ಇಲ್ಲ. ಮೇಲೆ ಹೇಳಿದ ದಾಸ್ತಾನು ಅಷ್ಟು ಬೇಗ ಖಾಲಿಯಾಗುವುದಿಲ್ಲವಲ್ಲ.

ಆದರೆ ಗಿಡದ್ದೆಲ್ಲ ಒಳ್ಳೆಯದಲ್ಲ. 2017ರಲ್ಲಿ ಹಾರ್ವರ್ಡ್ ಸಂಶೋಧಕರು ಸುಮಾರು ಎರಡು ಲಕ್ಷ ಅಮೆರಿಕನ್ನರ ಮಾಹಿತಿ ತೆಗೆದುಕೊಂಡು ಗಿಡದ ಊಟವನ್ನು ಎರಡಾಗಿ ಭಾಗ ಮಾಡಿ ನೋಡಿದರು. ಇಡೀ ಧಾನ್ಯ, ಹಣ್ಣು, ತರಕಾರಿ, ಕಾಳು, ಬೀಜಗಳು ಒಂದು ಕಡೆ. ಪಾಲಿಷ್ ಮಾಡಿದ ಧಾನ್ಯ, ಸಿಹಿ ಪಾನೀಯ, ಸಿಹಿತಿಂಡಿ, ಆಲೂಗಡ್ಡೆ ಇನ್ನೊಂದು ಕಡೆ. ಮೊದಲನೆಯದನ್ನು ಜಾಸ್ತಿ ತಿಂದವರಲ್ಲಿ ಹೃದಯರೋಗ ಕಡಿಮೆ. ಎರಡನೆಯದನ್ನು ಜಾಸ್ತಿ ತಿಂದವರಲ್ಲಿ ಹೃದಯರೋಗ ಹೆಚ್ಚು. ಎರಡೂ ಗಿಡದ್ದೇ.

ಗಿಡದಿಂದ ಮಾಡಿದ ನಕಲಿ ಮಾಂಸದ ಬಗ್ಗೆ ನನ್ನದು ನಡುದಾರಿ. ಅದನ್ನು ವಿಷ ಎನ್ನುವವರ ಜೊತೆ ನಾನಿಲ್ಲ. 2020ರ ಸ್ಟ್ಯಾನ್‌ಫರ್ಡ್ ಪ್ರಯೋಗವೊಂದರಲ್ಲಿ 36 ಜನ ಎಂಟು ವಾರ ಮಾಂಸದ ಬದಲು ಇದನ್ನು ತಿಂದಾಗ ಎಲ್‌ಡಿಎಲ್ ಇಳಿಯಿತು. ಆ ಪ್ರಯೋಗಕ್ಕೆ ಹಣ ಕೊಟ್ಟದ್ದು ಅದನ್ನು ತಯಾರಿಸುವ ಬಿಯಾಂಡ್ ಮೀಟ್ ಕಂಪನಿಯೇ ಎನ್ನುವುದನ್ನು ನೆನಪಿಟ್ಟುಕೊಂಡು ಓದಬೇಕು. ಮಾಂಸ ಬಿಡಲು ಒದ್ದಾಡುವವರಿಗೆ ಇದು ಊರುಗೋಲು. ವಾರಕ್ಕೊಮ್ಮೆ ತಿಂದರೆ ಏನೂ ಆಗದು. ದಿನಾ ತಿನ್ನುವುದಾದರೆ ಉಪ್ಪು ಎಷ್ಟಿದೆ, ತೆಂಗಿನೆಣ್ಣೆಯಿಂದ ಬಂದ ಗಟ್ಟಿ ಕೊಬ್ಬು ಎಷ್ಟಿದೆ ಎಂದು ಪ್ಯಾಕೆಟ್ ತಿರುಗಿಸಿ ನೋಡಿ. ವೀಗನ್ ಚೀಸ್ ಹಲವು ಬರೀ ಪಿಷ್ಟ ಮತ್ತು ತೆಂಗಿನೆಣ್ಣೆ. ಪ್ರೋಟೀನ್ ಶೂನ್ಯದ ಹತ್ತಿರ.

ಮಕ್ಕಳ ವಿಷಯ

ಇಲ್ಲಿ ನಾನು ಜೋರಾಗಿ ಮಾತಾಡಲಾರೆ. ಪೋಲೆಂಡಿನಲ್ಲಿ 5ರಿಂದ 10 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಬಂತು. ವೀಗನ್ ಮಕ್ಕಳ ಕೊಲೆಸ್ಟರಾಲ್ ಚೆನ್ನಾಗಿತ್ತು, ಮೈಕೊಬ್ಬು ಕಡಿಮೆ ಇತ್ತು. ಆದರೆ ಅವರು ಸರಾಸರಿ ಮೂರು ಸೆಂಟಿಮೀಟರ್ ಕುಳ್ಳಗಿದ್ದರು, ಮೂಳೆಯಲ್ಲಿ ಖನಿಜ ಕಡಿಮೆ ಇತ್ತು. ಒಂದು ಅಧ್ಯಯನದಿಂದ ತೀರ್ಪು ಕೊಡುವುದು ಸರಿಯಲ್ಲ. ಆದರೆ ದೊಡ್ಡವರು ತಮ್ಮ ಮೇಲೆ ಮಾಡಿಕೊಳ್ಳುವ ಸಡಿಲ ಪ್ರಯೋಗ ಮಕ್ಕಳ ಮೇಲೆ ಬೇಡ.

ಎಳೆಗೂಸಿನ ಮಟ್ಟಿಗಂತೂ ಬಿ12 ಪ್ರಾಣದ ಪ್ರಶ್ನೆ. ದೊಡ್ಡವರ ಹಾಗೆ ವರ್ಷಗಟ್ಟಲೆ ಬರುವ ದಾಸ್ತಾನು ಕೂಸಿಗೆ ಇರುವುದಿಲ್ಲ. ತಾಯಿಯಲ್ಲಿ ಕೊರತೆಯಿದ್ದರೆ ಎದೆಹಾಲಿನಲ್ಲೂ ಕೊರತೆ. ತಾಯಿಗೆ ಏನೂ ಅನಿಸದಿರುವಾಗಲೇ ಕೂಸು ಕೆಲವೇ ತಿಂಗಳಲ್ಲಿ ಸಪ್ಪಗಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಮೆದುಳಿಗೂ ಹಾನಿಯಾಗಬಹುದು. ಬಾದಾಮಿ, ಓಟ್ಸ್, ಅಕ್ಕಿಯ ಹಾಲು ಕೂಸಿನ ಹಾಲಿಗೆ ಬದಲಿ ಅಲ್ಲವೇ ಅಲ್ಲ. ಎದೆಹಾಲು ಇಲ್ಲದಿದ್ದರೆ ಶಿಶುಗಳಿಗೆಂದೇ ಮಾಡಿದ ಸೋಯಾ ಫಾರ್ಮುಲಾ ಇದೆ. ಅದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು.

ಬಿಡುವುದಲ್ಲ, ಉಳಿಯುವುದು ಕಷ್ಟ

ಅಮೆರಿಕದ ಫಾನಲಿಟಿಕ್ಸ್ ಸಂಸ್ಥೆ 2014ರಲ್ಲಿ 11,000ಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿತು. ಸಸ್ಯಾಹಾರಿ ಅಥವಾ ವೀಗನ್ ಆದವರಲ್ಲಿ ಶೇ 84 ಮಂದಿ ಮತ್ತೆ ಹಳೆಯ ಊಟಕ್ಕೆ ಮರಳಿದ್ದರು. ಮರಳಿದವರಲ್ಲಿ ಮೂರರಲ್ಲೊಂದು ಪಾಲು ಮೊದಲ ಮೂರೇ ತಿಂಗಳಲ್ಲಿ. ಇದನ್ನು ಇಚ್ಛಾಶಕ್ತಿಯ ಸೋಲು ಎಂದು ನೋಡುವವರು ಜಾಸ್ತಿ. ನನಗೆ ಹಾಗೆ ಅನಿಸುವುದಿಲ್ಲ. ಬೆಳಗಾಗುವುದರೊಳಗೆ ಎಲ್ಲ ಬಿಟ್ಟವರಿಗೆ ಬದಲಿಗೆ ಏನು ತಿನ್ನಬೇಕೆಂದೇ ಗೊತ್ತಿರುವುದಿಲ್ಲ.

ಮೊದಲ ವಾರಗಳ ದೊಡ್ಡ ಕಾಟ ಹೊಟ್ಟೆಯದ್ದು. ನಾರು ಕಡಿಮೆ ತಿನ್ನುತ್ತಿದ್ದ ಕರುಳಿಗೆ ಒಮ್ಮೆಲೇ ಬಟ್ಟಲುಗಟ್ಟಲೆ ಕಾಳು ಸುರಿದರೆ ಗ್ಯಾಸ್, ಉಬ್ಬರ ಖಂಡಿತ. ನಾರನ್ನು ಅರಗಿಸುವ ಬ್ಯಾಕ್ಟೀರಿಯಾ ಹೆಚ್ಚಲು ಸಮಯ ಬೇಕು. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ, ನೀರು ಜಾಸ್ತಿ ಕುಡಿದರೆ ಬಹುತೇಕ ಜನರಿಗೆ ಸರಿಹೋಗುತ್ತದೆ. ಇನ್ನೊಂದು, ಹಸಿವು. ಗಿಡದ ಊಟ ತಟ್ಟೆ ತುಂಬುತ್ತದೆ, ಕ್ಯಾಲೊರಿ ತುಂಬುವುದಿಲ್ಲ. ಸಲಾಡ್ ತಿಂದು ಸಂಜೆಗೆ ಕೈಕಾಲು ನಡುಗಿದರೆ ಅದು ವೀಗನ್ ಊಟದ ದೋಷವಲ್ಲ, ಸಾಕಷ್ಟು ತಿನ್ನದ ದೋಷ. ಬೀಜಗಳು, ಎಣ್ಣೆ, ಧಾನ್ಯ ಬೇಕು.

ಹೊಟ್ಟೆಗಿಂತ ಕಷ್ಟ ಜನರದ್ದು. ಪ್ರತಿ ಸಲ ಎಲ್ಲರ ನಡುವೆ ಬೇರೆ ತಟ್ಟೆ ಕೇಳುವುದು, ಪ್ರತಿ ಸಲ ಸಮಜಾಯಿಷಿ ಕೊಡುವುದು ದಣಿಸುತ್ತದೆ. ಒಬ್ಬರಾದರೂ ಜೊತೆಗಿದ್ದರೆ ಇದು ಎಷ್ಟೋ ಹಗುರ. ಒಂದು ದಿನ ಚೀಸ್ ತಿಂದೆ ಎಂದು ಎಲ್ಲ ಕೈಬಿಡುವುದೂ ಬೇಡ. ಊಟದ ಮೇಜಿನಲ್ಲಿ ಉಪದೇಶವಂತೂ ಬೇಡವೇ ಬೇಡ, ಅದರಿಂದ ಯಾರೂ ಬದಲಾದದ್ದನ್ನು ನಾನು ಕಂಡಿಲ್ಲ.

ಲೇಬಲ್ ಓದುವ ಹುಚ್ಚು ಒಂದು ಮಿತಿಯಲ್ಲಿರಲಿ. ಹಾಲಿನಿಂದ ಬರುವ ಕೇಸಿನ್, ವೇ, ಪ್ರಾಣಿಗಳ ಚರ್ಮ ಮೂಳೆಯಿಂದ ಬರುವ ಜೆಲಟಿನ್ ಇವನ್ನು ಗುರುತಿಸಲು ಕಲಿತರೆ ಬಹುಪಾಲು ಕೆಲಸ ಆಯಿತು. ಆದರೆ ಹಾಲಿನ ಅಲರ್ಜಿ ಇರುವವರು ವೀಗನ್ ಗುರುತನ್ನು ನಂಬಿ ತಿನ್ನಬಾರದು. ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವೂ ತಯಾರಾಗಿ, ಅದರ ಅಂಶ ಇದಕ್ಕೂ ತಾಗಿರಬಹುದು. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಎಂದೋ ಮಾತ್ರೆಯಲ್ಲಿ ಲ್ಯಾಕ್ಟೋಸ್ ಇದೆ ಎಂದೋ ವೈದ್ಯರು ಕೊಟ್ಟ ಔಷಧಿ ನಿಲ್ಲಿಸುವುದು ಹುಂಬತನ. ಸಾಧ್ಯವಿರುವಷ್ಟು, ಆಚರಿಸಲಾಗುವಷ್ಟು ಎಂದು ವೀಗನ್ ಸೊಸೈಟಿಯ ವ್ಯಾಖ್ಯಾನವೇ ಹೇಳುತ್ತದೆ.

ರಕ್ತ ಪರೀಕ್ಷೆಯನ್ನು ವರ್ಷ ಕಳೆದ ಮೇಲೆ ಮಾಡಿಸೋಣ ಎಂದು ಹಲವರು ಮುಂದೂಡುತ್ತಾರೆ. ಮೊದಲನೆಯದನ್ನು ಊಟ ಬದಲಾಯಿಸುವ ಮುಂಚೆಯೇ ಮಾಡಿಸುವುದು ಒಳ್ಳೆಯದು. ಬಿ12, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವುದು), ವಿಟಮಿನ್ ಡಿ, ಹಿಮೊಗ್ಲೋಬಿನ್ ಇಷ್ಟಾದರೆ ಶುರುವಿಗೆ ಸಾಕು. ಬಿ12 ಸಂಖ್ಯೆ ಗಡಿಯಲ್ಲಿದ್ದರೆ ಮೀಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆ ಅನುಮಾನ ಬಿಡಿಸುತ್ತದೆ. ಕಬ್ಬಿಣದ ಕೊರತೆ ಹಲವರಿಗೆ ಮಾಂಸ ತಿನ್ನುವಾಗಲೇ ಇರುತ್ತದೆ, ಗೊತ್ತಿರುವುದಿಲ್ಲ ಅಷ್ಟೆ. ಮೊದಲಿನ ಸಂಖ್ಯೆ ಕೈಯಲ್ಲಿಲ್ಲದಿದ್ದರೆ, ವರ್ಷದ ನಂತರ ಬಂದ ಕೆಟ್ಟ ಫಲಿತಾಂಶ ಹೊಸ ಊಟದ್ದೋ ಹಳೆಯದ್ದೋ ಎಂದು ವೈದ್ಯರಿಗೂ ಹೇಳಲಾಗುವುದಿಲ್ಲ.